ಕಟ್ಟಡದಲ್ಲಿ ಕೂಸಿಗೊಂದು ಕೋಣೆ

ಕೆಲಸಕ್ಕೆ ಹೋಗುವ ತಾಯಿ ಕೂಸನ್ನು ಎಲ್ಲಿ ಬಿಡಬೇಕು? ಹೈದರಾಬಾದಿನ ಮಿಯಾಪುರದ ಹತ್ತಿರ ಕಂಪ್ಯೂಟರ್ ಕಂಪನಿಗಾಗಿ ಏಳುತ್ತಿದ್ದ ದೊಡ್ಡ ಕಟ್ಟಡದಲ್ಲಿ ಗದಿಗೆಮ್ಮನಿಗೆ ದಿನವೂ ಇದೇ ಚಿಂತೆ. ಯಾದಗಿರಿ ಕಡೆಯಿಂದ ಬಂದ ಅವಳು ಅಲ್ಲಿ ಇಟ್ಟಿಗೆ ಹೊರುತ್ತಿದ್ದಳು, ಗಂಡ ಮೌನಪ್ಪ ಗೋಡೆ ಕಟ್ಟುತ್ತಿದ್ದ. ಪುಟ್ಟ ಮಗಳು ಶಿವಗಂಗಾಳ ಸೊಂಟಕ್ಕೆ ಹಳೆ ಸೀರೆ ಸುತ್ತಿ, ಅದರ ತುದಿಯನ್ನು ಕಂಬಕ್ಕೆ ಕಟ್ಟಿ, ಎದೆ ಗಟ್ಟಿಮಾಡಿಕೊಂಡು ಕೆಲಸಕ್ಕಿಳಿಯುತ್ತಿದ್ದಳು.

ಒಂದು ದಿನ ಗಂಟು ಸಡಿಲವಾಯಿತು. ಕಾಂಕ್ರೀಟು ತಂದ ಲಾರಿ ಹಿಂದಕ್ಕೆ ಬರುತ್ತಿದ್ದಾಗ ಶಿವಗಂಗಾ ಅದರ ಗಾಲಿಯ ದಾರಿಯಲ್ಲೇ ಕೂತು ಮರಳಿನಲ್ಲಿ ಆಡುತ್ತಿದ್ದಳು. ಕಂಡ ಹೆಂಗಸರು ಕೂಗಿದರು, ಲಾರಿ ನಿಂತಿತು. ಕೂಸಿಗೆ ಏನೂ ಆಗಲಿಲ್ಲ, ಆದರೆ ಗದಿಗೆಮ್ಮ ಸಂಜೆಯವರೆಗೂ ಅವಳನ್ನು ಕಂಕುಳಿನಿಂದ ಕೆಳಗಿಳಿಸಲಿಲ್ಲ. ಮಗಳನ್ನು ಊರಿಗೆ, ತನ್ನ ತಾಯಿಯ ಹತ್ತಿರ ಕಳಿಸಿಬಿಡೋಣ ಎಂದ ಮೌನಪ್ಪ. ಇನ್ನೂ ಹಾಲು ಬಿಡದ ಕೂಸು. ಗದಿಗೆಮ್ಮನಿಗೆ ಜೀವ ಕಿತ್ತಂತಾಯಿತು.

ಅವರ ಜೋಪಡಿಗಳ ಸಾಲಿಗೆ ಪೋಲಿಯೋ ಹನಿ ಹಾಕಲು ಬರುತ್ತಿದ್ದ ವನಜಾ ಹೈದರಾಬಾದಿನಲ್ಲೇ ಬೆಳೆದ ಕನ್ನಡದ ಹೆಣ್ಣುಮಗಳು. ಗದಿಗೆಮ್ಮ ಅವಳ ಮುಂದೆ ಅತ್ತಳು.

"ಕೂಸಿನ್ನ ಯಾಕ ಕಳಸ್ತೀ ತಂಗಿ?" ಎಂದಳು ವನಜಾ. "ಐವತ್ತಕ್ಕಿಂತ ಹೆಚ್ಚು ಹೆಣ್ಮಕ್ಕಳು ದುಡಿಯೋ ಕಟ್ಟಡದಾಗ ಆರು ವರ್ಷದೊಳಗಿನ ಮಕ್ಕಳಿಗೆ ಒಂದು ಕೋಣಿ, ನೋಡ್ಕೊಳ್ಳಾಕ ಒಬ್ಬಾಕಿ ಇರಬೇಕಂತ ಕಾನೂನ ಐತಿ."

ಮೌನಪ್ಪ ನಂಬಲಿಲ್ಲ. "ಕಾನೂನ ಅನ್ನೋದು ಒಳಗ ಕುಂತು ಕಂಪ್ಯೂಟರ್ ಒತ್ತೋರಿಗೆ ಇರ್ತೈತ್ರಿ ಅಕ್ಕಾರ. ಮಷಿನ್ ಬಂದು ಅರ್ಧ ಮಂದಿ ಕೆಲಸ ಹೋಗೈತಿ. ನಾವು ಬಾಯಿ ತೆಗದ್ರ ಉಳಿದದ್ದೂ ಹೋಗ್ತೈತಿ."

"ಒಬ್ಬಾಕಿ ಕೇಳಿದ್ರ ಹೆದರಿಸ್ತಾರ, ಖರೆ. ಎಲ್ಲಾರೂ ಕೂಡಿ ಕೇಳ್ರಿ. ಕೊಡಲಿಲ್ಲಂದ್ರ ಲೇಬರ್ ಆಫೀಸಿಗೆ ನಾನೂ ಬರ್ತೀನಿ."

ಮರುದಿನ ಊಟದ ಹೊತ್ತಿಗೆ ಹೆಂಗಸರು ತಮ್ಮನ್ನು ತಾವೇ ಎಣಿಸಿಕೊಂಡರು. ಎಣಿಸಲು ನಿಂತ ಹುಸೇನಮ್ಮ ತನ್ನನ್ನೇ ಬಿಟ್ಟುಬಿಟ್ಟಳು. ನಗುವಿನಲ್ಲಿ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಐವತ್ತು ದಾಟಿತ್ತು. ಎಲ್ಲರೂ ಒಟ್ಟಿಗೆ ಮೇಸ್ತ್ರಿಯ ಬಳಿ ಹೋದರು. ಅವನು ನೋಡೋಣ ಎಂದು ಜಾರಿಕೊಂಡ. ಕಾದು ಸಾಕಾಗಿ ವನಜಾಳ ಜೊತೆ ಕಾರ್ಮಿಕ ಇಲಾಖೆಗೆ ನಡೆದರು. ಗದಿಗೆಮ್ಮ ಅಲ್ಲಿ ತೆಲುಗು, ಹಿಂದಿ, ಕನ್ನಡ ಮೂರನ್ನೂ ಕಲಸಿ ಲಾರಿಯ ಸಂಗತಿ ಹೇಳಿದಳು. ಅಧಿಕಾರಿಗೆ ಅರ್ಥವಾಯಿತು. ಅವರು ಕಟ್ಟಡಕ್ಕೆ ಬಂದು ನೋಡಿ, ಮಕ್ಕಳಿಗೆ ಕೋಣೆ ಮಾಡಿಕೊಡಬೇಕೆಂದು ಗುತ್ತಿಗೆದಾರನಿಗೆ ನೋಟಿಸು ಕೊಟ್ಟರು. ಯಾರ ಕೆಲಸವೂ ಹೋಗಲಿಲ್ಲ.

ಕೋಣೆ ಕಟ್ಟುವ ಕೆಲಸ ಮೌನಪ್ಪನ ಪಾಲಿಗೇ ಬಂತು. ಗಾಳಿ ಬರಲೆಂದು ಕಿಟಕಿ ದೊಡ್ಡದು ಮಾಡಿದ, ಮಕ್ಕಳು ಎಡವದಿರಲೆಂದು ಹೊಸ್ತಿಲನ್ನೇ ಇಡಲಿಲ್ಲ. ಮಕ್ಕಳನ್ನು ನೋಡಿಕೊಳ್ಳಲು ತರಬೇತಿ ಪಡೆದ ಬಂಡೆಮ್ಮ ಬಂದಳು. ತಾಯಂದಿರು ನಡುನಡುವೆ ಬಂದು ಹಾಲು ಕುಡಿಸಿ ಹೋಗತೊಡಗಿದರು. ಮೊದಲ ದಿನವೇ ಸಂಜೆ ಕರೆಯಲು ಹೋದ ಅಪ್ಪನನ್ನು ಕಂಡು ಶಿವಗಂಗಾ ಬಂಡೆಮ್ಮನ ಸೆರಗಿನ ಹಿಂದೆ ಅಡಗಿದಳು; ಬರಲೊಲ್ಲೆ ಎಂದು ಹಟ ಹಿಡಿದಳು. ಮೌನಪ್ಪ ನಗುತ್ತ ಅಲ್ಲೇ ಕೂತ. ಪಕ್ಕದ ಕಟ್ಟಡದಲ್ಲಿ ಗೋಡೆ ಕಟ್ಟುವ ಗೌಂಡಿಯೊಬ್ಬ ಇದೇನೆಂದು ಇಣುಕಿದಾಗ ಅವನೇ ಕರೆದು ಹೇಳಿದ: "ಕಾನೂನ ನಮಗೂ ಐತಿ ತಮ್ಮಾ. ನಿಮ್ಮ ಹೆಣ್ಮಕ್ಕಳಿಗೂ ಹೇಳು."

ಅಕ್ಕಂದಿರೇ, ಅಣ್ಣಂದಿರೇ, ನೀವು ಕಟ್ಟುವ ಕಟ್ಟಡದಲ್ಲಿ ನಿಮ್ಮ ಮಕ್ಕಳಿಗೂ ಜಾಗವಿದೆ. ಅವರನ್ನು ಕಲ್ಲು ಕಬ್ಬಿಣದ ನಡುವೆ ಬಿಡಬೇಡಿ. ಎಲ್ಲರೂ ಕೂಡಿ ಕೇಳಿ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ಬರುವಷ್ಟು ಭಾಷೆಯಲ್ಲೇ ಹೇಳಿ, ಆದರೆ ಹೇಳದೆ ಬರಬೇಡಿ.