ಎರಡು ಡಬ್ಬಿ

ಎಲೆಯ ಅಡಿಯಲ್ಲಿ ಇನ್ನೂ ಒಂದಿತ್ತು. ಅವನು ಬಚ್ಚಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ನೀರು ಸೋರುತ್ತಿದ್ದ ಗಿಡವನ್ನು ಬಲ್ಬಿನ ಬೆಳಕಿಗೆ ಹಿಡಿದು, ಉಗುರಿನ ತುದಿಯಿಂದ ಅದನ್ನು ಕೆರೆದು ತೆಗೆದ. ಸಾಸಿವೆ ಕಾಳಿನಷ್ಟು ಬಸವನಹುಳು. ಬೆರಳಿಗೆ ಅಂಟಿಕೊಂಡಿತು. ಬಕೆಟ್ಟಿನ ಅಂಚಿಗೆ ಒರೆಸಿ ಒಳಗೆ ಉದುರಿಸಿದ.

ಬಕೆಟ್ಟಿನಲ್ಲಿ ಪಟಿಕ ಕರಗಿಸಿದ ನೀರಿತ್ತು. ಗಡ್ಡ ಕೆರೆದ ಮೇಲೆ ಕೆನ್ನೆಗೆ ತಿಕ್ಕಿಕೊಳ್ಳುವ ಪಟಿಕವೇ. ಅದನ್ನು ಕುಟ್ಟಿ ಪುಡಿ ಮಾಡಿ ಹಾಕಿದ್ದ. ಅಕ್ವೇರಿಯಮ್ಮಿನ ಗಿಡಗಳನ್ನು ಅದರಲ್ಲಿ ಮುಳುಗಿಸಿಟ್ಟರೆ ಹುಳುಗಳು ಹಿಡಿತ ಬಿಟ್ಟು ತಳಕ್ಕೆ ಬೀಳುತ್ತವೆ ಎಂದು ಎಲ್ಲೋ ಓದಿದ್ದ. ಬೀಳುತ್ತಿದ್ದವು. ಅದರಲ್ಲಿ ಖುಷಿಪಡುವಂಥದ್ದೇನೂ ಇರಲಿಲ್ಲ, ಆದರೂ ಬೆಳಗಿನಿಂದ ಅವನು ಅಲ್ಲಿಂದ ಎದ್ದಿರಲಿಲ್ಲ.

ಹೆಂಡತಿ ಬಾಗಿಲಲ್ಲಿ ಬಂದು ನಿಂತಳು.

“ಬಕೆಟ್ ಬೇಕಿತ್ತು.”

“ಇದರಲ್ಲಿ ಹುಳ ಇದೆ.”

“ಯಾವಾಗ ಮುಗಿಯತ್ತೆ?”

“ಹೇಳಕ್ಕಾಗಲ್ಲ.”

“ಸರಿ,” ಎಂದಳು. ಹೋಗಲಿಲ್ಲ. ಅವನು ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೋದಳು.

ಅವಳು ಬಂದದ್ದು ಬಕೆಟ್ಟಿಗಲ್ಲ ಎಂದು ಅವನಿಗೆ ಗೊತ್ತಿತ್ತು. ಗುರುವಾರ ಊಟಕ್ಕೆ ಕೂತಾಗ ಅವಳು ವಿಷಯ ತೆಗೆದಿದ್ದಳು. ಅವಳ ಕಚೇರಿ ಬೇರೆ ಊರಿನಲ್ಲಿ ಶಾಖೆ ತೆರೆಯುತ್ತಿದೆ, ಅಲ್ಲಿ ಕಟ್ಟಡದ ನಕ್ಷೆ ಬಿಡಿಸುವವರನ್ನೆಲ್ಲ ಇವಳು ನೋಡಿಕೊಳ್ಳಬೇಕಂತೆ, ಹೋಗುವುದಾದರೆ ಒಬ್ಬಳೇ, ಸೋಮವಾರ ಉತ್ತರ ಹೇಳಬೇಕು. “ಏನಂತೀರಿ?” ಎಂದು ಕೇಳಿದ್ದಳು. ಅವನು “ನೋಡೋಣ” ಎಂದು ತಟ್ಟೆಯ ಕಡೆ ನೋಡಿದ್ದ. ಹೋಗಬೇಡ ಎನ್ನಲಿ ಎಂದು ಕಾಯುತ್ತಿದ್ದಾಳೆ. ಅಥವಾ ಹೋಗು ಎನ್ನಲಿ ಎಂದು. ಯಾವುದು ಎಂದು ತಿಳಿಯದೆ ಬಾಯಿ ಬಿಡುವುದು ಹೇಗೆ? ಇವತ್ತಾಗಲೇ ಭಾನುವಾರ.

ಇನ್ನೊಬ್ಬರಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆಯುವುದೇ ಅವನ ಉದ್ಯೋಗ. ಆಸ್ಪತ್ರೆಯ ಹಿಂಬದಿಯಲ್ಲಿ, ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದ ಪುಟ್ಟ ಕೋಣೆಯೊಳಗೆ ಜನರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, “ಸಣ್ಣ ಶಬ್ದ ಕೇಳಿಸಿದ್ರೂ ಬಟನ್ ಒತ್ತಿ” ಎನ್ನುತ್ತಾನೆ. ಗಾಜಿನ ಈಚೆ ತಾನು ಕೂರುತ್ತಾನೆ. ಕೆಲವರು ಏನೂ ಕೇಳಿಸದಿದ್ದರೂ ಒತ್ತುತ್ತಾರೆ, ಪಾಪ, ಆಸೆಗೆ. ಇನ್ನು ಕೆಲವರು ಕೇಳಿಸಿದರೂ ಒತ್ತುವುದಿಲ್ಲ. ಇನ್ನಷ್ಟು ಖಚಿತವಾಗಲಿ ಎಂದು ಕಾಯುತ್ತಾರೆ, ಅಷ್ಟರಲ್ಲಿ ಶಬ್ದವೇ ನಿಂತುಹೋಗಿರುತ್ತದೆ. ಅಂಥವರನ್ನು ಕಂಡರೆ ಅವನಿಗೆ ಸಿಟ್ಟು ಬರುತ್ತದೆ.

ಮೀನಿನ ತೊಟ್ಟಿ ಭಾವಮೈದುನ ತಂದುಕೊಟ್ಟದ್ದು. ಆತ ಮಾತಿನ ಮಲ್ಲ. “ಅಕ್ಕ, ನಿಮ್ಮನೇಲಿ ಗಡಿಯಾರದ ಮುಳ್ಳು ಬಿಟ್ರೆ ಏನೂ ಅಲ್ಲಾಡಲ್ಲ” ಎಂದು ನಗುತ್ತ ನಡುಮನೆಯಲ್ಲಿ ಇಟ್ಟುಹೋಗಿದ್ದ. ಆಮೇಲೊಮ್ಮೆ ಅಂಗಡಿಯಿಂದ ಹೊಸ ಗಿಡ ಬಂತು. ಎಲೆಯ ಬೆನ್ನಿಗೆ ಲೋಳೆಯಂಥ ಮೊಟ್ಟೆಯ ಗುಂಪು ಅಂಟಿಕೊಂಡು ಬಂದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಈಗ ಗಾಜು, ಕಲ್ಲು, ಪಂಪಿನ ಕೊಳವೆ, ಎಲ್ಲಿ ನೋಡಿದರೂ ಅವೇ. “ಇವನ್ನ ಏನಾದ್ರೂ ಮಾಡಿ, ನೋಡಕ್ಕಾಗ್ತಿಲ್ಲ” ಎಂದು ಅವಳು ಹೇಳಿ ಬಹಳ ದಿನವಾಗಿತ್ತು. ಗುರುವಾರದ ಪ್ರಶ್ನೆ ಬಂದ ಮೇಲೆ ಆ ಹಳೆಯ ಮಾತು ಅವನಿಗೆ ಇದ್ದಕ್ಕಿದ್ದಂತೆ ನೆನಪಾಯಿತು.

ಮಧ್ಯಾಹ್ನ ಗಿಡ ಮಾರಿದವನಿಗೆ ಫೋನ್ ಮಾಡಿದ.

“ನನ್ನ ಗಿಡದಲ್ಲಿ ಹುಳ ಇರಲ್ಲ ಸಾರ್,” ಎಂದ ಅಂಗಡಿಯವ. “ನಿಮ್ಮ ನೀರಲ್ಲೇ ಇತ್ತೇನೋ.”

“ಇರಲಿ. ತೊಟ್ಟಿಯಲ್ಲಿ ಉಳ್ಕೊಂಡಿರೋದಕ್ಕೆ ಏನು ಮಾಡ್ಲಿ?”

“ಔಷಧಿ ಇದೆ. ಒಂದೂ ಉಳಿಯಲ್ಲ.”

“ಮೀನು?”

“ಮೀನೂ ಸ್ವಲ್ಪ…” ಅಂಗಡಿಯವ ಮಾತು ನುಂಗಿಕೊಂಡ. “ಬೇಡ ಅಂದ್ರೆ ಸೌತೆಕಾಯಿ ಹೋಳು ಇಳಿಬಿಡಿ. ಮುತ್ಕೊಳ್ತವೆ, ಎತ್ತಿ ಬಿಸಾಕಿ. ಮೀನಿಗೆ ತಿಂಡಿ ಜಾಸ್ತಿ ಆಗ್ತಿದ್ಯಾ ನೋಡಿ. ಮಿಕ್ಕಿದ್ದು ತಿಂದೇ ಇವು ಹೆಚ್ಚೋದು.”

“ದಿನಕ್ಕೆ ಒಂದೇ ಚಿಟಿಕೆ ಹಾಕೋದು, ಬೆಳಿಗ್ಗೆ.”

“ಮನೇಲಿ ಬೇರೆ ಯಾರಾದ್ರೂ?”

“ಇಲ್ಲ, ನಾನೊಬ್ನೇ,” ಎಂದು ಫೋನ್ ಇಟ್ಟ.

ಅಡುಗೆಮನೆಗೆ ಹೋಗಿ ಸೌತೆಕಾಯಿ ಹುಡುಕಿದ. ಬುಟ್ಟಿಯಲ್ಲಿ ಇರಲಿಲ್ಲ. ಕಪಾಟು ತೆಗೆದು, ಯಾಕೆಂದು ತಿಳಿಯದೆ, ಚಹಾಪುಡಿಯ ಡಬ್ಬಿ ಸರಿಸಿದ. ಹಿಂದೆ ಇನ್ನೊಂದು ಡಬ್ಬಿಯಿತ್ತು. ಮೇಲೆ ಕೆಂಪು ಮೀನಿನ ಚಿತ್ರ, ಮೀನಿನ ತಿಂಡಿಯದು. ತೊಟ್ಟಿಯ ಪಕ್ಕದ ಹಲಗೆಯ ಮೇಲೆ ಅವನು ಇಟ್ಟುಕೊಂಡದ್ದೂ ಇಂಥದ್ದೇ. ಮುಚ್ಚಳ ತೆಗೆದ. ಅರ್ಧ ಖಾಲಿಯಾಗಿತ್ತು.

ಹಾಗಾದರೆ ಅವಳೂ ಹಾಕುತ್ತಿದ್ದಳು. ಸಂಜೆ ಅವನಿಗಿಂತ ಮೊದಲು ಮನೆಗೆ ಬರುವವಳು ಅವಳು. ಇವಳಿಗೆ ಮೀನಿನ ಗೊಡವೆಯೇ ಇಲ್ಲ, ನಾನೂ ಮರೆತರೆ ಸಾಯುತ್ತವೆ ಎಂದು ಅವನು ಅಂದುಕೊಂಡಿದ್ದ. ಅವಳೂ ಅದನ್ನೇ ಅಂದುಕೊಂಡಿರಬೇಕು. ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಕರುಣೆ ತೋರಿಸಿದ್ದರು. ಮಿಕ್ಕ ಕರುಣೆಯನ್ನೆಲ್ಲ ಹುಳುಗಳು ತಿಂದಿದ್ದವು.

ಒಂದು ಕ್ಷಣ ಅವನಿಗೆ ನಿಜವಾಗಿಯೂ ಸಂತೋಷವಾಯಿತು. ಇದನ್ನು ಹೇಳಬಹುದು. ಹೇಳಿದರೆ ಅವಳು ನಗುತ್ತಾಳೆ. ನಕ್ಕ ಮೇಲೆ ಬೇರೆ ಮಾತೂ ಬರುತ್ತದೆ. ‘ನಾವಿಬ್ರೂ ಹಾಕ್ತಿದ್ವಿ ಕಣೆ’ ಎಂದು ಮನಸ್ಸಿನಲ್ಲೇ ಹೇಳಿ ನೋಡಿದ. ‘ಕಣೆ’ ಎನ್ನದೆ ಎಷ್ಟು ಕಾಲವಾಗಿತ್ತೋ. ಅದೊಂದು ಬೇಡ ಎನಿಸಿತು. ತೆಗೆದುಹಾಕಿದ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಕೋಣೆಗೆ ಹೋದ.

ಅವಳು ಮಂಚದ ಮೇಲೆ ಬಟ್ಟೆ ಮಡಿಸುತ್ತಿದ್ದಳು. ಕೆಲವನ್ನು ಕಪಾಟಿಗೆ ಇಡುತ್ತಿದ್ದಳು, ಕೆಲವನ್ನು ಇಡುತ್ತಿರಲಿಲ್ಲ. ಅವನನ್ನು ಕಂಡು ಕೈ ನಿಲ್ಲಿಸಿದಳು.

“ಸೌತೆಕಾಯಿ ಇದ್ಯಾ?” ಎಂದ.

“ಫ್ರಿಜ್ಜಲ್ಲಿ, ಕೆಳಗೆ.”

“ಹ್ಞೂಂ.”

“ಮತ್ತೇನಾದ್ರೂ ಹೇಳೋದಿತ್ತಾ?”

“ಇಲ್ಲ. ಹುಳಕ್ಕೆ.”

“ಗೊತ್ತಾಯ್ತು,” ಎಂದು ಅವಳು ಮತ್ತೆ ಬಟ್ಟೆಗೆ ಕೈ ಹಾಕಿದಳು.

ಗಿಡಗಳನ್ನು ತೊಳೆದು ಮತ್ತೆ ತೊಟ್ಟಿಯ ಮರಳಿನಲ್ಲಿ ನೆಟ್ಟ. ಹಸಿರಾಗಿ, ಶುದ್ಧವಾಗಿ, ಮಾರಾಟಕ್ಕಿಟ್ಟವುಗಳಂತೆ ನಿಂತವು. ಸೌತೆಕಾಯಿಯ ದಪ್ಪ ಹೋಳಿಗೆ, ತೇಲದಿರಲೆಂದು, ಚಮಚ ಚುಚ್ಚಿ ತಳಕ್ಕಿಳಿಸಿದ. ಗಡಿಬಿಡಿಯಲ್ಲಿ ಬೆಳಿಗ್ಗೆ ಮೀನಿಗೆ ತಿಂಡಿ ಹಾಕಿರಲಿಲ್ಲ. ಒಳ್ಳೆಯದೇ ಆಯಿತು, ಇನ್ನು ನಾನು ಹಾಕುವುದು ಬೇಡ, ಅವಳೇ ಹಾಕಲಿ ಎಂದುಕೊಂಡ. ಅವಳೊಂದಿಗೆ ಏನೋ ಒಪ್ಪಂದವಾದಂತೆ ಮನಸ್ಸು ಹಗುರವಾಯಿತು. ಅವಳು ಹಾಕಬೇಕಾದರೆ ಅವಳು ಇಲ್ಲಿರಬೇಕು ಎಂಬುದು ಅವನಿಗೆ ಕೈ ಒರೆಸಿಕೊಳ್ಳುವಾಗ ಹೊಳೆಯಿತು. ಹೆದರಿಕೆಯಾಗಬೇಕಿತ್ತು. ಏನೂ ಆಗಲಿಲ್ಲ. ಸೋಫಾದ ಮೇಲೆ ಕೂತು ಕಣ್ಣು ಮುಚ್ಚಿದ.

ಕಣ್ಣು ಬಿಟ್ಟಾಗ ಸಂಜೆಯಾಗಿತ್ತು. ಅವಳು ತೊಟ್ಟಿಯ ಮುಂದೆ ನಿಂತಿದ್ದಳು. ಅದರ ದೀಪ ಹಾಕಿದಳು. ಮೀನುಗಳು ಅವಳ ಕಡೆಗೆ ನುಗ್ಗಿ ಬಂದವು; ಆ ಹೊತ್ತು, ಆ ನೆರಳು ಅವಕ್ಕೆ ಚೆನ್ನಾಗಿ ಗೊತ್ತಿತ್ತು. ಅವನು ಅಲುಗಾಡದೆ ನೋಡಿದ. ಅವಳ ಕೈಯಲ್ಲಿ ಡಬ್ಬಿಯಿತ್ತು, ಅವನು ಕಟ್ಟೆಯ ಮೇಲೆ ಬಿಟ್ಟುಬಂದದ್ದು. ಅವಳು ಅದರ ಮುಚ್ಚಳ ತೆಗೆಯಲಿಲ್ಲ. ಹಲಗೆಯ ಮೇಲೆ ಅವನ ಡಬ್ಬಿಯ ಪಕ್ಕದಲ್ಲಿಟ್ಟಳು. ಎರಡನ್ನೂ ಒಂದೇ ಸಾಲಿಗೆ ಸರಿಯಾಗಿ ಕೂಡಿಸಿದಳು, ನಕ್ಷೆಯವಳಲ್ಲವೇ.

“ನೋಡಿದ್ರಿ ಅಂತ ಗೊತ್ತಾಯ್ತು,” ಎಂದಳು, ತಿರುಗದೆ.

“ಹ್ಞೂಂ.”

“ನಾಳೆ ಆಫೀಸಲ್ಲಿ ಏನು ಹೇಳ್ಲಿ?”

ಪಂಪಿನ ಸದ್ದು ಕೇಳುತ್ತಿತ್ತು. ಪ್ರಶ್ನೆ ಸ್ಪಷ್ಟವಾಗಿಯೇ ಕೇಳಿಸಿತ್ತು. ಕೈಯಲ್ಲಿ ಬಟನ್ ಇದ್ದಂತೆ ಹೆಬ್ಬೆರಳು ತಾನಾಗಿಯೇ ಮಡಿಚಿಕೊಂಡಿತು.

“ಮೀನಿಗೆ ಹಾಕಲ್ವಾ?” ಎಂದ.

ಅವಳು ಅವನ ಕಡೆ ತಿರುಗಿದಳು.

“ನೀವು ಹಾಕ್ತೀರಿ ಅಂದ್ಕೊಂಡೆ.”

“ಹಾಕ್ತೀನಿ.”

“ಊಟಕ್ಕೆ ಬಡಿಸ್ಲಾ?”

“ಹಸಿವಿಲ್ಲ. ನೀನು ಮಾಡು.”

“ನನಗೂ ಇಲ್ಲ,” ಎಂದು ಅವಳು ಕೋಣೆಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಒಳಗೆ ಪೆಟ್ಟಿಗೆಯ ಜಿಪ್ ಎಳೆದ ಸದ್ದಾಯಿತು, ನಡುವೆ ನಿಂತಿತು.

ಎದ್ದು ಹೋಗಬೇಕು ಎಂದುಕೊಂಡ. ಆ ಜಿಪ್ಪಿನ ಸದ್ದು ಮುಂದುವರಿಯುವುದೋ ಎಂದು ಕಿವಿಗೊಟ್ಟು ಕೂತ. ಡಬ್ಬಿಗಳು ಕೈಗೆಟಕುವ ದೂರದಲ್ಲೇ ಇದ್ದವು. ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಅವನ ಕಡೆಗೆ ಬಾಯಿ ತೆರೆದು ಮುಚ್ಚುತ್ತಿದ್ದವು, ತೆರೆದು ಮುಚ್ಚುತ್ತಿದ್ದವು. ತಳದಲ್ಲಿ ಸೌತೆಕಾಯಿಯ ಹೋಳು ಕಾಣದಂತೆ ಹುಳುಗಳು ಮುತ್ತಿಕೊಂಡಿದ್ದವು. ಆ ಮನೆಯಲ್ಲಿ ಆ ಹೊತ್ತು ಊಟ ಮಾಡುತ್ತಿದ್ದವು ಅವು ಮಾತ್ರ.