ದೊಡ್ಡಪ್ಪನ ಕೇಸ್ ಶೀಟು

ನನ್ನ ಮುಂದೆ ಯಾರೂ ತಾರೀಖು ತಿದ್ದುವ ಮಾತೆತ್ತಬಾರದು. ವಿಜಯಪುರದ ಸ್ಟೇಷನ್ ರಸ್ತೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ರೋಗಿಗಳ ದಾಖಲೆ ಕಾಯುವವಳು ನಾನು, ವಿಜಯಲಕ್ಷ್ಮೀ. ಕೇಸ್ ಶೀಟಿನಲ್ಲಿ ತಪ್ಪಾದರೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಹಾಕಬೇಕು. ಹಳೆಯದು ಕಾಣುತ್ತಲೇ ಇರಬೇಕು. ಹೋದ ದೀಪಾವಳಿಯ ಹೊತ್ತಿಗೆ ಡಾಕ್ಟರ್ ಸುಶೀಲೇಂದ್ರ ಒಂದು ಕಡೆ ವೈಟ್ನರ್ ಹಚ್ಚಿದ್ದರು. "ಡಾಕ್ಟರ್ರ, ಇದೇನು ನಿಮ್ಮ ಮನಿ ಗ್ವಾಡಿ ಅಂತ ತಿಳದೀರೇನ್ರಿ, ಸುಣ್ಣಾ ಬಳಿಯಾಕ?" ಅಂತ ಹೊರಗೆ ಕೂತ ರೋಗಿಗಳಿಗೆಲ್ಲ ಕೇಳುವಂತೆ ಬೈದಿದ್ದೆ. ಅಂಥವಳು ಈ ಫೆಬ್ರುವರಿಯಲ್ಲಿ ಏನು ಮಾಡಿದೆ ಅನ್ನುವುದನ್ನು ಹೇಳಿಬಿಡಬೇಕು. ಹೇಳದೆ ನನಗೆ ಅನ್ನ ಇಳಿಯುತ್ತಿಲ್ಲ.

ನಮ್ಮಪ್ಪ ಶಂಕರೆಪ್ಪ ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ದಿನಕರ್ಮ ಮುಗಿದ ಮರುದಿನ ಅವ್ವ ನನ್ನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು.

"ಇಷ್ಟ ದಿನಾ ಬಾಯಿ ಕಟ್ಕೊಂಡಿದ್ನಿ. ನಿಮ್ಮಪ್ಪಗ ಕೆಟ್ಟ ಅನಸ್ತಿತ್ತು" ಅಂದಳು. "ಈಗ ಕೇಳ್ತೇನಿ. ನಾ ಉಡಿಕಿ ಆದ ದಿನ ನಿಮ್ಮ ದೊಡ್ಡಪ್ಪ ಜೀವಂತ ಇದ್ದನೊ, ಸತ್ತಿದ್ದನೊ? ಅಷ್ಟ ನನಗ ತಿಳಿಸು. ದವಾಖಾನಿ ಕಾಗದ ಓದಾಕಿ ಅದಿ ನೀ."

ದೊಡ್ಡಪ್ಪ ಅಂದರೆ ಮಲಕಾಜಪ್ಪ, ಅಪ್ಪನ ಅಣ್ಣ, ಅವ್ವನ ಮೊದಲ ಗಂಡ. ಮದುವೆಯಾದ ವರ್ಷಕ್ಕೇ ಎಪ್ಪತ್ತೊಂದರ ಯುದ್ಧಕ್ಕೆ ಹೋದವನು. ಡಿಸೆಂಬರಿನಲ್ಲಿ, ಕಾಣೆಯಾಗಿದ್ದಾನೆ ಎಂದು ತಂತಿ ಬಂತು. ಮುಂದಿನ ಜೂನಿನಲ್ಲಿ, ಕಾರಹುಣ್ಣಿಮೆ ಮುಗಿದ ಮೂರನೆಯ ದಿನ, ನಮ್ಮಪ್ಪನ ಅಪ್ಪ ಮುತ್ಯಾ ತನ್ನ ಹತ್ತೊಂಬತ್ತರ ಸೊಸೆಗೆ, ಅಂದರೆ ನಮ್ಮವ್ವ ಮುದುಕವ್ವನಿಗೆ, ಸಣ್ಣ ಮಗನ ಜೊತೆ ಉಡಿಕೆ ಮಾಡಿಸಿದ. ಗಂಡ ಸತ್ತವಳಿಗೆ ಮಾಡುವ ಎರಡನೆಯ ಮದುವೆ ಅದು. ಹಂದರವಿಲ್ಲ, ಬಾಜಾ ಇಲ್ಲ. ಒಳಕೋಣೆಯಲ್ಲಿ ಒಂದು ಸೀರೆ ಉಡಿಸಿ ಬಳೆ ಏರಿಸಿದರೆ ಮುಗಿಯಿತು. ಮರುವರ್ಷ ಸೈನ್ಯದ ಕಾಗದ ಬಂತು: ಮಲಕಾಜಪ್ಪ ಶತ್ರುಗಳ ಸೆರೆಯಲ್ಲಿದ್ದ, ಸೆರೆಯಾಳುಗಳ ಆಸ್ಪತ್ರೆಯಲ್ಲಿ ತೀರಿಕೊಂಡ. ಸಾಲಿ ಮಾಸ್ತರರಿಂದ ಓದಿಸಿ ಕೇಳಿದ ಮುತ್ಯಾ ಅದನ್ನು ಒಲೆಗೆ ಹಾಕಿದ. ಯಾವಾಗ ತೀರಿಕೊಂಡ ಎಂದು ಅವ್ವ ಕೇಳಿದ್ದಕ್ಕೆ "ಸತ್ತಾನ, ಅಷ್ಟ" ಅಂದನಂತೆ.

ಗಂಡ ಬದುಕಿದ್ದಾಗಲೇ ಮೈದುನನ ಜೊತೆ ಸಂಸಾರ ಮಾಡಿದೆನೇನೋ ಎಂಬ ಪಾಪದ ಭಯ ಅವ್ವನನ್ನು ಐವತ್ತು ವರ್ಷದಿಂದ ಕೊರೆಯುತ್ತಿದೆ ಎಂದು ನಾನು ತಿಳಿದೆ. ಅವಳನ್ನು ಕೇಳಲಿಲ್ಲ. ಕೇಳುವ ಸ್ವಭಾವ ನನ್ನದಲ್ಲ, ನಾನು ತಿಳಿದುಕೊಂಡೇ ಬಿಡುವವಳು. ಅದೂ ಅಲ್ಲದೆ ನಾನು ಹುಟ್ಟಿದ್ದು ಆ ಉಡಿಕೆಯಿಂದ. ಭಯ ನನಗೂ ಇತ್ತು.

ಮೊದಲು ಬಬಲೇಶ್ವರಕ್ಕೆ ಹೋದೆ. ದೊಡ್ಡಪ್ಪನ ಪಲ್ಟಣಿನಲ್ಲೇ ಇದ್ದ ಯಲ್ಲಾಲಿಂಗ ಎನ್ನುವವರು ಅಲ್ಲಿದ್ದರು. ಯುದ್ಧ ಮುಗಿದ ಮೇಲೆ ರಜೆಗೆ ಬಂದು, ದೊಡ್ಡಪ್ಪ ಸತ್ತ ಸುದ್ದಿ ಹೇಳಿದವರು ಇವರೇ ಎಂದು ನಮ್ಮ ಮನೆಯಲ್ಲಿ ಮಾತಿತ್ತು. ಕಟ್ಟೆಯ ಮೇಲೆ ಕೂತಿದ್ದ ಮುದುಕನನ್ನು ನೋಡಿದ ಕೂಡಲೇ ನನಗೆ ಪಿತ್ತ ನೆತ್ತಿಗೇರಿತು.

"ನಿಮ್ಮ ಮುತ್ಯಾ ಬಂದು, ನನ್ನ ಮಗ ಬಿದ್ದದ್ದು ನೋಡಿಯೇನು ಅಂದ" ಎಂದರು ಅವರು. "ನೋಡೇನಿ ಅಂದೆ. ತಲಿಗೆ ಪೆಟ್ಟಾಗಿ ಬಿದ್ದಿದ್ದ. ಸತ್ತನೇನು ಅಂತ ಅಂವ ಕೇಳಲಿಲ್ಲ, ನಾ ಹೇಳಲಿಲ್ಲ."

"ಯಾಕ ಹೇಳಲಿಲ್ರಿ? ಬಾಯಿ ಇದ್ದಿಲ್ಲೇನು?"

"ಹೇಳಾಕ ನನಗರ ಏನು ಗೊತ್ತಿತ್ತವ್ವಾ? ನಾವು ಹಿಂದ ಸರದ್ವಿ. ಅಂವ ಅಲ್ಲೇ ಉಳದ." ಮುದುಕ ಗಳಗಳ ಅತ್ತುಬಿಟ್ಟರು. ಬೈಯಲು ಹೋದವಳು ಅವರಿಗೆ ನೀರು ಕುಡಿಸಿ ಬಂದೆ.

ಆಮೇಲೆ ಜಿನೀವಾದ ರೆಡ್ ಕ್ರಾಸ್ ಕಚೇರಿಗೆ ಅರ್ಜಿ ಹಾಕಿದೆ. ಯುದ್ಧಕೈದಿಗಳ ವಿವರ ಅಲ್ಲಿರುತ್ತದೆ, ಸಂಬಂಧಿಕರು ಕೇಳಿದರೆ ಹುಡುಕಿ ಕೊಡುತ್ತಾರೆ ಎಂದು ಓದಿದ್ದೆ. ನಾನು ದೊಡ್ಡಪ್ಪನಿಗೆ ಏನಾಗಬೇಕು ಎಂದು ರುಜುವಾತು ಕಳಿಸಿದೆ, ಮತ್ತೆ ಕಳಿಸಿದೆ. ಹದಿನಾಲ್ಕು ತಿಂಗಳು ಹೋಯಿತು. ತಿಕೋಟಾದ ಹತ್ತಿರ ತಮ್ಮ ಅಮೋಘಸಿದ್ದನ ತೋಟದ ಮನೆಯಲ್ಲಿ ಅವ್ವ ಇರುತ್ತಾಳೆ. ನಾನು ಅಂಗಳಕ್ಕೆ ಕಾಲಿಟ್ಟರೆ ಸಾಕು, ಆರಾಮಿದ್ದೀಯೇನು ಅನ್ನುವ ಮೊದಲು "ಬಂತೇನು?" ಅನ್ನುತ್ತಿದ್ದಳು.

ಫೆಬ್ರುವರಿಯ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಮೇಲ್ ಬಂತು. ದೊಡ್ಡಪ್ಪ ತೀರಿಕೊಂಡ ಆಸ್ಪತ್ರೆಯ ಕೇಸ್ ಶೀಟಿನ ಒಂಬತ್ತು ಪುಟಗಳು. ಸತ್ತವರ ಫೈಲನ್ನು ನಾವು ಕೊನೆಯ ಪುಟದಿಂದ ಓದುತ್ತೇವೆ, ಅದು ನಮ್ಮ ಕೆಲಸದ ರೂಢಿ. ಅವತ್ತು ಕೊನೆಯ ಪುಟ ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಮೊದಲಿನಿಂದ ಓದಿದೆ.

ಹೆಸರು: ತಿಳಿದಿಲ್ಲ. ಭಾರತದ ಸಿಪಾಯಿ. ತಲೆಗೆ ಗಾಯ. ಜನವರಿ ತುಂಬ, ಪ್ರಜ್ಞೆ ಇಲ್ಲ. ಫೆಬ್ರುವರಿ, ಕಣ್ಣು ತೆರೆದಿದ್ದಾನೆ. ಮಾರ್ಚ್, ಮಾತನಾಡುತ್ತಾನೆ, ಯಾವ ಭಾಷೆಯೋ ಇಲ್ಲಿ ಯಾರಿಗೂ ತಿಳಿಯದು. ತಲೆಗೆ ಬಿದ್ದ ಪೆಟ್ಟಿನಿಂದ ಪಲ್ಟಣಿನ ಹಿಂದಿಯೆಲ್ಲ ಮರೆತುಹೋಗಿ ನಮ್ಮ ಕನ್ನಡ ಒಂದೇ ಉಳಿದಿತ್ತು. ಅಯ್ಯೋ, ಅಲ್ಲಿ ಅದನ್ನು ಕೇಳುವವರು ಯಾರು? ಏಪ್ರಿಲ್‌ನಲ್ಲಿ ಜ್ವರದ ಗೆರೆ ಮೇಲೆ ಕೆಳಗೆ ಆಗುತ್ತಿತ್ತು. ಇನ್ನೂ ಇದ್ದ. ಮೇ ತಿಂಗಳೂ ಇದ್ದ. ಸತ್ತುಬಿಡು ಯಪ್ಪಾ, ನಮ್ಮವ್ವನ ಸಲುವಾಗಿ ಈಗಲೇ ಸತ್ತುಬಿಡು ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಹಡೆದವರ ಮಗನೊಬ್ಬನ ಬಗ್ಗೆ ಎಂಥ ಮಾತು! ಆದರೂ ಬೇಡಿಕೊಂಡೆ.

ಕಾರಹುಣ್ಣಿಮೆ ಮುಗಿದ ಮೂರನೆಯ ದಿನ, ಉಡಿಕೆಯ ದಿನ, ಅಂದರೆ ಆ ವರ್ಷ ಜೂನ್ ಇಪ್ಪತ್ತೊಂಬತ್ತು. ಹಳೆಯ ಪಂಚಾಂಗ ನೋಡಿ ಇಟ್ಟುಕೊಂಡಿದ್ದೆ. ಆ ದಿನದ ಸಾಲಿನಲ್ಲಿ ಹೀಗಿತ್ತು: ಜ್ವರ ಇಳಿದಿದೆ. ಹಾಲು, ಗಂಜಿ ತೆಗೆದುಕೊಂಡ. ಮೊದಲ ಸಲ ಎದ್ದು ಕುಳಿತ.

ಜುಲೈನಲ್ಲಿ ಬೆಳಗಾವಿ ಕಡೆಯ ಸೆರೆಯಾಳು ಒಬ್ಬ ಪಕ್ಕದ ಕಾಟಿಗೆ ಬಂದಿದ್ದ. ಅವನು ಕೇಳಿ ಹೇಳಿದ ಮೇಲೆ ಹೆಸರಿನ ಜಾಗ ತುಂಬಿತ್ತು: ಮಲಕಾಜಪ್ಪ, ತಿಕೋಟಾ, ಬಿಜಾಪುರ ಜಿಲ್ಲೆ. ಗಾಯ ಮತ್ತೆ ಕೀವಾಯಿತು. ತೀರಿಕೊಂಡ ದಿನ 9-8-72. ಬಾಗಿಲು ಹಾಕಿಕೊಂಡು ಅತ್ತೆ. ನಾನು ಮುಖ ನೋಡದ ಮನುಷ್ಯನಿಗಾಗಿ ಅಷ್ಟು ಅಳು ಎಲ್ಲಿತ್ತೋ.

ಅವ್ವನಿಗೆ ಎಪ್ಪತ್ತಮೂರು. ಬಿ.ಪಿ. ಇದೆ. ನಿನ್ನ ಉಡಿಕೆಯ ದಿನವೇ ಅವನು ಎದ್ದು ಕೂತಿದ್ದ ಎಂದು ಯಾವ ಬಾಯಿಂದ ಹೇಳಲಿ? ಸುಮ್ಮನೆ ಬಾಯಿಮಾತಿನಲ್ಲಿ ಸುಳ್ಳು ಹೇಳಿದರೆ ಕಾಗದ ತೋರಿಸು ಅನ್ನುತ್ತಾಳೆ. ಇಂಗ್ಲಿಷ್ ಬಾರದಿದ್ದರೂ ಗೋಡೆಯ ಕ್ಯಾಲೆಂಡರ್ ನೋಡಿ ಅಂಕಿ ಕಲಿತವಳು. ಕೊನೆಯ ಪುಟದ ಒಂದು ಪ್ರತಿ ತೆಗೆದೆ. ಡ್ರಾದಲ್ಲಿ, ಡಾಕ್ಟರಿಂದ ಕಸಿದುಕೊಂಡಿದ್ದ ವೈಟ್ನರ್ ಇತ್ತು. ಎಂಟರ ಎಡಗಡೆಯ ಎರಡು ಡೊಂಕು ಮುಚ್ಚಿದರೆ ಮೂರಾಗುತ್ತದೆ. ಅದನ್ನು ಮತ್ತೆ ಝೆರಾಕ್ಸ್ ಮಾಡಿದೆ. 9-3-72. ಐದು ನಿಮಿಷವೂ ಹಿಡಿಯಲಿಲ್ಲ. ಅಷ್ಟು ಸಲೀಸಾಗಿ ಮಾಡಿದೆ ಅನ್ನುವುದಕ್ಕೇ ಈಗ ನನಗೆ ಹೇಸಿಗೆಯಾಗುತ್ತದೆ.

ಮಾರ್ಚ್ ಒಂದನೆಯ ತಾರೀಖು, ಭಾನುವಾರ, ಜೋರಾಪುರ ಪೇಟೆಯ ನಮ್ಮ ಮನೆಯಿಂದ ಹೊರಟೆ. ಬಸ್ಸು ಇಟ್ಟಂಗಿಹಾಳ ದಾಟುವಾಗ ಇಳಿದು ತಿರುಗಿ ಹೋಗಿಬಿಡಲೇ ಅನ್ನಿಸಿತು. ಚೀಲದ ಮೇಲೆ ಕೈ ಒತ್ತಿಕೊಂಡು ಕೂತೆ. ಹೇಳಬೇಕಾದದ್ದನ್ನು ನಾಲ್ಕು ಸಲ ಮನಸ್ಸಿನಲ್ಲೇ ಹೇಳಿ ನೋಡಿದೆ.

ಅವ್ವ ಶೆಡ್ಡಿನ ನೆರಳಿನಲ್ಲಿ ಒಣದ್ರಾಕ್ಷಿ ಆರಿಸುತ್ತಿದ್ದಳು. ಎದುರಿಗೆ ಅಮೋಘಸಿದ್ದನ ಹೆಂಡತಿ ಕಸ್ತೂರಿ.

"ಬಂತೇನು?"

"ಬಂತು ಬೇ."

ಅವ್ವನ ಕೈ ನಿಂತಿತು. ಕಸ್ತೂರಿ ಮೊರ ಕೆಳಗಿಟ್ಟಳು.

"ಹೇಳ ಮತ್ತ. ಯಾಕ ನಿಂತಿ?"

"ಉಡಿಕಿಗಿಂತ ಮೂರೂವರಿ ತಿಂಗಳ ಮೊದಲ ಹೋಗಿದ್ದ ಬೇ ದೊಡ್ಡಪ್ಪ. ಮಾರ್ಚ್ ಒಂಬತ್ತಕ್ಕ. ನಿನಗ ಯಾವ ಪಾಪಾನೂ ಇಲ್ಲ. ಇನ್ನರ ಆರಾಮ ಇರು."

ಕಾಗದ ಕೊಟ್ಟೆ. ಅವ್ವ ಅದನ್ನು ಬೆಳಕಿಗೆ ಹಿಡಿದು, ನಾನು ತೋರಿಸಿದ ಕಡೆ ಬೆರಳಿಟ್ಟು, "ಒಂಬತ್ತು... ಮೂರು..." ಎಂದು ಓದಿದಳು. ಈಗ ನಿಟ್ಟುಸಿರು ಬಿಡುತ್ತಾಳೆ, ಅಳುತ್ತಾಳೆ, ಹಗುರಾಗುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳ ಮುಖ ಬಾಡಿ ಇಷ್ಟಾಯಿತು.

"ಹಂಗಾರ ನಾನ ಹುಚ್ಚಿ" ಅಂದಳು.

"ಏನಂದಿ?"

"ಅಂವ ಜೀವಂತ ಅದಾನ ಅಂತ ನಾ ಒಬ್ಬಾಕಿ ಹೇಳ್ತಿದ್ನಿ. ಸತ್ತಿದ್ರ ನನಗ ತಿಳೀತಿರ್ಲಿಲ್ಲೇನು ಅಂತಿದ್ನಿ. ಬಳಿ ಒಡಿಯಾಕ ಬಂದಾಗ ನಮ್ಮತ್ತಿ ಕೈ ಕಚ್ಚಿದ್ನಿ, ರಕ್ತ ಬರೂ ಹಂಗ. ಹುಡುಗಿ ತಲಿ ಕೆಟ್ಟೈತಿ ಅಂತ ನಾಕ ಮಂದಿ ಹಿಡದು ಒಡದ್ರು. ಉಡಿಕಿ ದಿನಾನೂ ಚೀರಿದ್ನಿ, ಅಂವ ಅದಾನ, ಅಂವ ಅದಾನ ಅಂತ." ಅವಳು ಕಾಗದವನ್ನು ಮಡಿಲಲ್ಲಿ ಇಟ್ಟುಕೊಂಡಳು. "ಐವತ್ನಾಕು ವರ್ಷ ಆತು ಮಗಳಾ. ಮುದುಕವ್ವಾ, ನೀ ಅಂದದ್ದು ಖರೆ ಇತ್ತು ಅಂತ ಒಬ್ಬರರ ಬಂದು ಹೇಳ್ಯಾರು ಅಂತ ಕಾದೇನಿ. ಅದಕ್ಕ ನಿನ್ನ ಕೇಳಿದ್ನಿ. ಪಾಪದ ಮಾತು ಯಾರ ಎತ್ತಿದ್ರು?"

ಯಾರೂ ಎತ್ತಿರಲಿಲ್ಲ. ನಾನೇ ಎತ್ತಿದ್ದೆ.

"ಅವ್ವಾ, ತಡಿ ತಡಿ! ನಾ ಸುಳ್ಳು ಹೇಳೇನಿ. ಖರೆ ಕಾಗದದಾಗ ಎಂಟನೇ ತಿಂಗಳ ಐತಿ, ಆಗಸ್ಟ್. ನೀ ಅಂದದ್ದ ಖರೆ! ಉಡಿಕಿ ದಿನ ಅಂವ ಎದ್ದು ಕುಂತಿದ್ದ ಬೇ. ಹಾಲು ಕುಡದಿದ್ದ, ಗಂಜಿ ಉಂಡಿದ್ದ."

ಅವ್ವ ಸಣ್ಣಗೆ ನಕ್ಕಳು.

"ಸಣ್ಣಾಕಿದ್ದಾಗಿಂದ ಹಿಂಗ ನೀ. ನಾ ಅತ್ರ ನಿನಗ ತಡಕೊಳ್ಳಾಕ ಆಗಂಗಿಲ್ಲ."

ಫೋನ್ ತೆಗೆದೆ. ಅಸಲು ಪುಟ ದೊಡ್ಡದು ಮಾಡಿ ಅವಳ ಮುಖದ ಮುಂದೆ ಹಿಡಿದೆ. "ನೋಡು, ಇದ ಅಸಲು. ಎಂಟು ಐತಿ ನೋಡು."

"ಫೋನಿನ್ಯಾಗ ಏನ ಬೇಕಾದ್ದು ಮಾಡ್ತಾರ. ಮೊನ್ನೆ ಕಸ್ತೂರಿ ನನ್ನ ಫೋಟೋಕ್ಕ ಕಪ್ಪ ಚಷ್ಮಾ ಹಾಕಿ ತೋರಿಸಿದ್ಲು. ಕಾಗದದಾಗ ಮೂರು ಐತಿ."

"ಆ ಕಾಗದ ನಾನ ತಿದ್ದೇನಿ ಬೇ! ವೈಟ್ನರ್ ಹಚ್ಚಿ ತಿದ್ದೇನಿ!"

"ನೀ? ಕಾಗದ ತಿದ್ದತಿ?" ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಸಾಕ ಬಿಡು ನನ್ನವ್ವಾ. ಮೊದಲ ಬಾಯಾಗ ಬಂದದ್ದ ಖರೆ. ಆಮ್ಯಾಲಿಂದು ಕರುಣಾ."

ಕಸ್ತೂರಿಯ ಕಡೆ ತಿರುಗಿದೆ. "ನೀನರ ಹೇಳ ಕಸ್ತೂರಿ! ನೀ ಓದಾಕ ಬಲ್ಲಾಕಿ, ಈ ಒಂಬತ್ತೂ ಪುಟ ಓದಿ ಹೇಳು ಆಕಿಗಿ."

ಕಸ್ತೂರಿ ಫೋನನ್ನು ನೋಡಲೂ ಇಲ್ಲ. "ಅಕ್ಕಾರ, ಆತ ಬಿಡ್ರಿ" ಎಂದು ಮೆಲ್ಲಗೆ ಅಂದಳು. "ಅತ್ತಿಯಾರಿಗಿ ಮತ್ತ ಯಾಕ ತ್ರಾಸ ಕೊಡ್ತೀರಿ?"

ನಾನು ಆಣೆ ಮಾಡಿದೆ. ಮಕ್ಕಳ ಮೇಲೆ ಆಣೆ ಮಾಡಿದೆ. ಹಂಗೆಲ್ಲ ಆಣೆ ಮಾಡಬಾರದು ಎಂದು ಅವ್ವ ನನ್ನ ಬಾಯಿ ಮುಚ್ಚಿದಳು. ಎದ್ದು, ಮೊಣಕಾಲು ಹಿಡಿದುಕೊಂಡು ಒಳಗೆ ಹೋಗಿ, ಕ್ಯಾಲೆಂಡರಿನ ಮುಂದೆ ನಿಂತಳು.

"ಒಂಬತ್ತು ಅಂದ್ರ ನಾಳಿ ಬಿಟ್ಟು ಮುಂದಿನ ಸ್ವಾಮಾರ" ಎಂದು ಅಲ್ಲಿಂದಲೇ ಅಂದಳು. "ಸತ್ತ ದಿನ ಗೊತ್ತಿಲ್ಲಂತ ಇಷ್ಟ ವರ್ಷ ಅಂವಗ ಒಂದು ಎಡಿ ಇಟ್ಟಿಲ್ಲ ನಾ. ಕಸ್ತೂರಿ, ಸ್ವಾಮಾರ ಹೋಳಿಗಿ ಮಾಡು. ನಮ್ಮತ್ತಿ ಹೆಸರಿಗೂ ಒಂದು ಎಡಿ ಇಡೂನು. ಪಾಪ, ಖರೆ ಹೇಳಾಕಿ ಕೈ ಕಚ್ಚಿದ್ನಿ."

"ಅವ್ವಾ..." ಅಂದೆ.

"ನೀ ರಜಾ ಹಾಕಿ ಬಾ, ವಿಜಿ. ತಾರೀಖ ತಂದಾಕಿ ನೀನ. ಮೊದಲ ನೀನ ಕೈ ಮುಗೀಬೇಕು."

ಸೋಮವಾರ ಹೋದೆ. ದೇವರ ಜಗುಲಿಯ ಕೆಳಗೆ ಎರಡು ಎಡೆ ಹಿಡಿದಿದ್ದಳು, ಒಂದು ದೊಡ್ಡಪ್ಪನಿಗೆ, ಒಂದು ಅವಳ ಅತ್ತೆಗೆ. ಎಲ್ಲರೂ ನನಗೆ ದಾರಿ ಬಿಟ್ಟು ನಿಂತರು. ಮೊದಲು ನಾನೇ ಕೈ ಮುಗಿದೆ.