ರಾಶಿಯ ತಳ

ಗಿಡ್ಡಪ್ಪ ಸುಳ್ಳು ಹೇಳಲಾರದ ಮನುಷ್ಯ. ಇದು ಗುಣವೋ ರೋಗವೋ ಎಂಬುದು ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಪಕ್ಕೀರವ್ವನಿಗೂ ತಿಳಿದಿರಲಿಲ್ಲ. ಹುಲಿಹೈದರದ ಸುತ್ತಿನ ಕಣಗಳಲ್ಲಿ ಜೋಳದ ರಾಶಿ ಅಳೆಯುವುದು ಅವನ ಕಸುಬು. ಸೇರು ಹಿಡಿದು, ಒಂದು ಎನ್ನದೆ ‘ಲಾಭ’ ಎಂದು ಅವನು ಎಣಿಕೆ ಶುರುಮಾಡಿದನೆಂದರೆ ಕೊಟ್ಟವನೂ ಕೊಂಡವನೂ ಕಣ್ಣುಮುಚ್ಚಿ ಒಪ್ಪುತ್ತಿದ್ದರು.

ಆ ಕೀರ್ತಿ ಕೇಳಿಯೇ ಸರ್ಕಾರಿ ಕಚೇರಿಯ ಪೇಷ್ಕಾರ ದಾದೇಸಾಬರು ಅವನನ್ನು ಕರೆಸಿದ್ದು. ನಿಜಾಮರ ಕಾಲ, ಊರ ಕೆರೆ ಶಿಕಾರಿಗೆಂದು ಕಾದಿಟ್ಟ ಕೆರೆ. ಅಲ್ಲಿಯ ಹಕ್ಕಿಗೆ ಊರವರು ಕಲ್ಲು ಕೂಡ ಎಸೆಯುವಂತಿರಲಿಲ್ಲ. ಚಳಿಗಾಲಕ್ಕೆ ಬಂದಿಳಿದ ದೊಡ್ಡ ಬಾತುಗಳು ಸಾವಿರ ತುಂಬಿದರೆ ದೊಡ್ಡ ಸಾಹೇಬರು ಬಂದೂಕು ಸಮೇತ ಬರುತ್ತಾರೆ, ತುಂಬದಿದ್ದರೆ ಈ ವರ್ಷ ಶಿಕಾರಿಯೇ ಇಲ್ಲ, ಎಣಿಸಿ ಹೇಳು ಎಂದರು.

ಪಕ್ಕೀರವ್ವ ಅವತ್ತು ಒಲೆ ಹಚ್ಚಲಿಲ್ಲ. ಆ ಬಾತುಗಳನ್ನು ಅವಳು ತವರಿನವರು ಎನ್ನುತ್ತಿದ್ದಳು. ಅಳವಂಡಿಯ ಅಣ್ಣಂದಿರು ಪಂಚಮಿಗೆ ಕರೆಯಲು ಬರುವುದನ್ನು ಎಂದೋ ಬಿಟ್ಟಿದ್ದರು. ಬಾತುಗಳು ಮಾತ್ರ ದೀಪಾವಳಿ ಕಳೆಯುತ್ತಲೇ ತಪ್ಪದೆ ಬರುತ್ತಿದ್ದವು. ಕಡಲೆ ಹೊಲ ಮೇಯುತ್ತವೆಂದು ಊರೆಲ್ಲ ಶಪಿಸಿದರೂ ಇವಳು ದಂಡೆಯಲ್ಲಿ ನಿಂತು ಅವುಗಳ ಯೋಗಕ್ಷೇಮ ಕೇಳುವಳು. ಸಾವಿರಕ್ಕೆ ಕಡಿಮೆ ಹೇಳಿಬಿಡಿ ಎಂದು ಗಂಡನನ್ನು ಬೇಡಿಕೊಂಡಳು. ಹೇಳಬೇಕೆಂದು ಅವನಿಗೂ ಅನಿಸಿತು. ಆದರೆ ನಾಲಿಗೆ ಹೊರಳಬೇಕಲ್ಲ.

ಬೆಳಿಗ್ಗೆ ಇಬ್ಬರೂ ದಂಡೆಗೆ ಹೋದರು. ಅವನು ಗುಂಪಿನಿಂದ ಗುಂಪಿಗೆ ಬೆರಳಾಡಿಸುತ್ತ ಎಣಿಸಿದ. ಇಪ್ಪತ್ತು ಆದಾಗೊಮ್ಮೆ ಅವಳು ಉಡಿಗೆ ಒಂದು ಹರಳುಕಲ್ಲು ಹಾಕಿಕೊಂಡಳು. ಐವತ್ತು ಹರಳಾದರೆ ಸಾವಿರ. ನಲವತ್ತೊಂಬತ್ತು ಬಿದ್ದವು. ಹುಲಿಗೆಮ್ಮನ ಕಲ್ಲಿನ ಬಳಿ ಇನ್ನೂ ಒಂದು ದೊಡ್ಡ ಹಿಂಡು ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಅವನು ಆ ಕಡೆ ಬೆರಳೆತ್ತಿದ. ಅವಳು ಆ ಬೆರಳನ್ನೇ ಹಿಡಿದುಕೊಂಡಳು.

“ಯಾವ ರಾಶಿ ತಳದತನಕ ಅಳದೀರಿ ನೀವು? ತಳದ್ದು ದೇವರ ಪಾಲು ಅಂತ ಬಿಟ್ಟು ಬರ್ತೀರಿ. ಇದನ್ಯಾಕ ಬಳೀತೀರಿ?”

ಅವಳು ಹೇಳಿದ್ದು ನಿಜ. ತಳ ಬಳಿದರೆ ಮರುವರ್ಷ ಕಣ ಬರಿದಾಗುತ್ತದೆಂದು ಅಪ್ಪನ ಕಾಲದಿಂದ ನಡೆದುಬಂದ ಮಾತು. ಗಿಡ್ಡಪ್ಪ ತಲೆಯ ರುಮಾಲು ತೆಗೆದು, ಅಳತೆ ಮುಗಿದಾಗ ಮಾಡುವಂತೆ ಆ ಹಿಂಡಿಗೆ ಕೈಮುಗಿದ.

ಒಂಬೈನೂರ ಎಂಬತ್ತು ಎಂದು ಒಪ್ಪಿಸಿದಾಗ ದಾದೇಸಾಬರು ಲೇಖನಿ ಅದ್ದಿದವರು ಹಾಗೇ ತಡೆದರು. ಅವರೂ ಕಾರಟಗಿಯ ಕಣದಲ್ಲಿ ಆಡಿ ಬೆಳೆದವರೇ.

“ತಳ ಬಿಟ್ಟೀಯೇನಪಾ?”

ಜೊತೆಗೆ ಬಂದಿದ್ದ ಪಕ್ಕೀರವ್ವ ಒಂದು ಹೆಜ್ಜೆ ಮುಂದೆ ಬಂದಳು. ಗಂಡನ ಬಾಯಿ ಅವಳಿಗೆ ಗೊತ್ತು.

“ಬಿಟ್ಟೀನ್ರಿ.”

“ಎಷ್ಟಿತ್ತು?”

“ತಳ ಎಣಸಂಗಿಲ್ರಿ, ಸಾಹೇಬ್ರ.”

ದಾದೇಸಾಬರು ಅವನ ಮುಖ ನೋಡಿದರು. ಉಡಿಯ ಹರಳನ್ನು ಬಿಗಿಹಿಡಿದು ನಿಂತ ಅವಳನ್ನು ನೋಡಿದರು. ನಮ್ಮಪ್ಪನೂ ಎಣಿಸುತ್ತಿರಲಿಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಒಂಬೈನೂರ ಎಂಬತ್ತನ್ನೇ ಬರೆದರು.

ಮನೆಗೆ ಬಂದು ಪಕ್ಕೀರವ್ವ ಒಲೆ ಹಚ್ಚಿದಳು. ಗಂಡನ ಮುಂದೆ ರೊಟ್ಟಿಯ ಮೇಲೆ ರೊಟ್ಟಿ ಹಾಕುತ್ತಲೇ ಹೋದಳು. ಎಷ್ಟಾದವು ಎಂದು ಅವನು ಕೇಳಿದ. ಎಣಿಸಬಾರದು, ಉಣ್ಣಿ ಎಂದಳು.